ಹೊನ್ನಾಳಿಯಿಂದ ಮುಯ್ಯಿ ಬಂದ ಮೀನು

ನಮ್ಮ ಕಡೆ ಮುಯ್ಯಿ ಬಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ಗೃಹಪ್ರವೇಶಕ್ಕೆ ಯಾರು ಏನೇ ತಂದುಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಅಷ್ಟೇ ಅಲ್ಲ, ಕೊಟ್ಟವರು ಮುಂದಿನ ಸಲ ಬಂದಾಗ ಅದು ಅವರ ಕಣ್ಣಿಗೆ ಬೀಳಬೇಕು. ಚನ್ನಗಿರಿಯಲ್ಲಿ ನಾವು ಹೊಸ ಮನೆ ಕಟ್ಟಿದಾಗ ಬಂದ ಗೋಡೆ ಗಡಿಯಾರಗಳು ಇವತ್ತಿಗೂ ಒಂದೊಂದು ಕೋಣೆಯಲ್ಲಿ ಒಂದೊಂದು ಹೊತ್ತು ತೋರಿಸುತ್ತಿವೆ. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸಲಿಕ್ಕಾಗದೆ ಹೋದದ್ದು ಹೊನ್ನಾಳಿಯಿಂದ ಬಂದ ಮೀನು.

ತಂದವರು ನನ್ನ ಗಂಡನ ಅಕ್ಕನ ಯಜಮಾನರು. ಹೊನ್ನಾಳಿಯಲ್ಲಿ ಅಡಿಕೆ ವ್ಯಾಪಾರ, ದೊಡ್ಡ ಕುಳ. ಅವರು ಬರುತ್ತಾರೆಂದರೆ ನಮ್ಮತ್ತೆ ಕುರ್ಚಿಯನ್ನು ಎರಡು ಸಲ ಒರೆಸುತ್ತಾರೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎತ್ತಿ ಹಿಡಿದು, ಮಂಗಳಾರತಿ ತಟ್ಟೆ ಹಿಡಿದವರ ಹಾಗೆ ಒಳಗೆ ಬಂದರು. ಚೀಲದಲ್ಲಿ ಅಂಗೈಗಿಂತ ದೊಡ್ಡದಾದ ಕೆಂಪು ಮೀನು, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಫ್ಲವರ್‌ಹಾರ್ನ್ ಅಂತ ಅದರ ಹೆಸರು.

“ನಮ್ಮ ಅಂಗಡಿಯಾಗೂ ಇಂಥದ್ದೊಂದು ಐತೆ ಕಣಮ್ಮ. ಆ ಬುಗುಟು ಬೆಳೆದಂಗೆ ಮನೆ ಬೆಳೀತತೆ. ವಾಸ್ತು ಮೀನು ಇದು,” ಎಂದರು.

ಮನೆ ಬೆಳೆಯಲಿ, ಯಾರು ಬೇಡ ಅಂದರು? ಆದರೆ ನಡುಮನೆಯ ಗಾಜಿನ ಟ್ಯಾಂಕಿನಲ್ಲಿ ಆಗಲೇ ನನ್ನ ಮೀನಿತ್ತು. ಆಸ್ಕರ್ ಜಾತಿಯದು, ಮಸಿ ಬಣ್ಣದ ಮೈಮೇಲೆ ಕೆಂಡದ ಚುಕ್ಕೆ. ಹೆಬ್ಬೆರಳಿನಷ್ಟಿದ್ದಾಗ ತಂದು, ಹೊಲಿಗೆ ಮಷೀನಿನ ಪಕ್ಕದಲ್ಲೇ ಇಟ್ಟುಕೊಂಡು ಸಾಕಿದ್ದೆ. ನಾನು ಮಷೀನು ತುಳಿಯಲು ಕೂತರೆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ನೀರು ಬದಲಾಯಿಸಿದರೆ ಮುನಿಸಿಕೊಂಡು ಮಗ್ಗುಲಾಗಿ ಮಲಗಿಬಿಡುತ್ತಿತ್ತು, ಸತ್ತೇಹೋಯಿತೇನೋ ಎಂದು ನಾನು ಗಾಬರಿಯಾಗಬೇಕು, ಹಾಗೆ. ಸಾಧು ಪ್ರಾಣಿ ಅಂತ ಹೇಳುವುದಿಲ್ಲ. ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗಿ ನೀರು ಕುಡಿಯುವಂಥದ್ದೇ ಅದೂ. ಆದರೆ ತನ್ನಷ್ಟೇ ಗಾತ್ರದ್ದರ ಮೇಲೆ ಕಾಲು ಕೆರೆದು ಜಗಳಕ್ಕೆ ಹೋಗುವ ಬುದ್ಧಿ ಅದಕ್ಕಿರಲಿಲ್ಲ.

“ಅಣ್ಣಾರೆ, ಇವೆರಡನ್ನೂ ಒಂದೇ ನೀರಾಗೆ ಬಿಡಾಕೆ ಬರಲ್ಲ. ನಿಮ್ಮ ಮೀನು ಇಡೀ ಟ್ಯಾಂಕೇ ನಂದು ಅಂತತೆ,” ಎಂದೆ.

“ಏ, ಎರಡು ದಿನ ಕಚ್ಚಾಡ್ತಾವೆ, ಆಮೇಲೆ ಹೊಂದ್ಕಂತಾವೆ ಬಿಡಮ್ಮ,” ಎಂದು ಅವರೇ ಚೀಲದ ಬಾಯಿ ಬಿಚ್ಚಿ ಸುರಿದರು.

ಬೇರೆ ಟ್ಯಾಂಕು ತರೋಣವೆಂದೆ. ಅಳಿಯಂದಿರ ಮುಯ್ಯಿಯನ್ನು ಮೂಲೆಗಿಡುವುದೇ ಎಂದು ಅತ್ತೆ ಕಣ್ಣು ಕೆಂಪು ಮಾಡಿದರು. ಹಾಗಾದರೆ ನನ್ನದನ್ನೇ ತೆಗೆದು ಬೇರೆ ಕಡೆ ಇಡುತ್ತೇನೆಂದೆ. ತಮ್ಮ ಮೀನು ಬಂದದ್ದೇ ತಡ ಮನೆಯ ಮೀನನ್ನು ಹೊರಗೆ ಹಾಕಿದರೆಂದು ಅಳಿಯಂದಿರು ನೊಂದುಕೊಳ್ಳುತ್ತಾರಂತೆ. ನಮ್ಮ ಮನೆಯವರು ಎಂದಿನಂತೆ, “ಸುಮ್ಮನಿರು, ನೋಡೋಣ,” ಎಂದರು. ಆ ‘ನೋಡೋಣ’ ಕೇಳಿದರೆ ನನಗೆ ಮೈ ಉರಿಯುತ್ತದೆ. ನೋಡುತ್ತಾ ನಿಲ್ಲುವವರಿಗೆ ಏನು ಕಷ್ಟ?

ಅದು ಹೊಂದಿಕೊಳ್ಳಲಿಲ್ಲ. ಯಾಕೆ ಹೊಂದಿಕೊಳ್ಳಬೇಕು, ಅದರ ಹುಟ್ಟುಗುಣವೇ ಅದು. ತಳದ ಕಲ್ಲುಗಳನ್ನು ಬಾಯಲ್ಲಿ ಕಚ್ಚಿ ಎಸೆದು ಟ್ಯಾಂಕಿನ ನಡುವೆ ಗುಂಡಿ ತೋಡಿಕೊಂಡಿತು. ಆಸ್ಕರ್ ಕದಲಿದರೆ ಸಾಕು, ಬುಗುಟು ಮುಂದೆ ಮಾಡಿ ನುಗ್ಗುತ್ತಿತ್ತು. ನನ್ನ ಮೀನಿನ ಬಾಲ ಹರಿದ ಸೆರಗಿನ ಹಾಗಾಯಿತು. ಫಿಲ್ಟರಿನ ಹಿಂದಿನ ಮೂಲೆಯಲ್ಲಿ ತಲೆ ಮೇಲೆ ಮಾಡಿಕೊಂಡು ನಿಂತಿರುತ್ತಿತ್ತು. ಮಷೀನು ತುಳಿದರೂ ಗಾಜಿನ ಹತ್ತಿರ ಬರುತ್ತಿರಲಿಲ್ಲ. ಊಟ ಹಾಕಿದರೆ ಬಂದು ಬಾಯಿ ಹಾಕುವ ಧೈರ್ಯವೂ ಇಲ್ಲ. ಹೀಗೇ ಬಿಟ್ಟರೆ ಸಾಯುತ್ತದೆ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಕಣ್ಣಿತ್ತು, ಅವರಿಗೂ ಗೊತ್ತಿತ್ತು.

ಕಿಟಕಿಗೆ ಗಾಜು ಹಾಕುವವನನ್ನು ಕರೆಸಿ ಅಳತೆಗೆ ಗಾಜು ಕೊಯ್ಯಿಸಿಕೊಂಡೆ. ನೀರಾಡಲು ಕೆಳಗೆ ಒಂದಿಷ್ಟು ಸಂದು ಬಿಟ್ಟು, ಅಂಚಿಗೆ ರಬ್ಬರ್ ಕೊಟ್ಟು ಟ್ಯಾಂಕಿನ ನಡುವೆ ನಿಲ್ಲಿಸಿದೆ. ಆ ಕಡೆ ಅದು, ಈ ಕಡೆ ಇದು. ವಾರ ಕಳೆಯುವಷ್ಟರಲ್ಲಿ ಆಸ್ಕರ್ ಮೂಲೆ ಬಿಟ್ಟು ಹೊರಗೆ ಬಂತು, ನನ್ನ ಬೆರಳಿನಿಂದ ಊಟ ತೆಗೆದುಕೊಂಡಿತು. ಅವತ್ತು ಖುಷಿಗೆ ಒಬ್ಬಳೇ ಎರಡು ಲೋಟ ಚಹಾ ಕುಡಿದೆ.

ಅತ್ತೆಗೆ ಮಾತ್ರ ಆ ಗಾಜು ಕಣ್ಣಿಗೆ ಚುಚ್ಚಿತು. ಅದಕ್ಕೊಂದು ಕಾರಣವಿದೆ. ನಮ್ಮ ಮನೆಯವರೂ ನನ್ನ ಮೈದುನನೂ ಪಾಲಾಗದೆ ಒಂದೇ ಒಲೆಯಲ್ಲಿ ಇರಬೇಕು ಎಂದೇ ಆ ದೊಡ್ಡ ಮನೆ ಕಟ್ಟಿಸಿದ್ದು. ಅಂಥ ಮನೆಯ ನಡುಮನೆಯಲ್ಲಿ, ಬಂದವರೆಲ್ಲ ಮೊದಲು ನೋಡುವ ಕಡೆ, ಅಡ್ಡಗೋಡೆ!

“ನೋಡಿದೋರು ಏನು ಅನ್ಕಂಬೇಕು? ಮೀನಿಗೇ ಪಾಲು ಮಾಡಿಕೊಟ್ಟೋಳು ನಾಳೆ ಗಂಡನ್ನ ಪಾಲು ಮಾಡಿಸ್ದೆ ಬಿಡ್ತಾಳಾ ಅಂತಾರೆ,” ಎಂದರು.

ನಾನು ನಗುತ್ತಾ ಒಳಗೆ ಹೋದೆ. ಅದು ತಮಾಷೆಯ ಮಾತಲ್ಲ ಅಂತ ಆಮೇಲೆ ಗೊತ್ತಾಯಿತು.

ಆ ಭಾನುವಾರ ಹೊನ್ನಾಳಿಯವರು ಊಟಕ್ಕೆ ಬರುವವರಿದ್ದರು. ನಾನು ಬೆಳಿಗ್ಗೆಯೇ ಹೋಳಿಗೆಗೆ ಹೂರಣ ರುಬ್ಬಿಟ್ಟು, ಮದುವೆ ಮನೆಯವರ ಬ್ಲೌಸುಗಳನ್ನು ಕೊಟ್ಟುಬರಲು ನಲ್ಲೂರಿಗೆ ಹೋಗಿದ್ದೆ. ವಾಪಸು ಬಂದಾಗ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ನನ್ನ ಗಾಜು ಒರಗಿಸಿಟ್ಟಿತ್ತು. ಒಳಗಿನಿಂದ ನಗು ಕೇಳಿಸುತ್ತಿತ್ತು.

ಎಲ್ಲರೂ ಟ್ಯಾಂಕಿನ ಸುತ್ತ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಹೊನ್ನಾಳಿಯವರು ಫೋನು ಹಿಡಿದು ವಿಡಿಯೋ ಮಾಡುತ್ತಿದ್ದರು. ಕೆಂಪು ಮೀನು ನನ್ನ ಆಸ್ಕರಿನ ತುಟಿ ಕಚ್ಚಿ ಹಿಡಿದು ಗಾಜಿಗೆ ಬಡಿಯುತ್ತಿತ್ತು. ಒಂದು ಕಣ್ಣು ಊದಿ ಬೆಳ್ಳಗಾಗಿತ್ತು. ಕಿತ್ತ ಹುರುಪೆಗಳು ನೀರಿನಲ್ಲಿ ತೇಲುತ್ತಿದ್ದವು.

“ಗತ್ತು ನೋಡ್ರಿ ನಮ್ಮುಡುಗಂದು!” ಎಂದು ಅವರು ಹೇಳುತ್ತಿದ್ದರು. ನಮ್ಮ ಮನೆಯವರು ನಗುತ್ತಿರಲಿಲ್ಲ, ಆದರೆ ಎದ್ದೂ ಇರಲಿಲ್ಲ.

ಚಪ್ಪಲಿ ಬಿಡುವುದನ್ನೂ ಮರೆತು ಹೋಗಿ ನೀರಿಗೆ ಕೈ ಹಾಕಿದೆ. ಆ ಕೆಂಪು ಮೀನು ನನ್ನ ಬೆರಳನ್ನೂ ಕಚ್ಚಿ ರಕ್ತ ಬರಿಸಿತು. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದಕ್ಕೆ ಇರೋಕೊಂದು ಜಾಗ ಬೇಕಿತ್ತು, ಅಷ್ಟೆ. ಆಟ ನೋಡುತ್ತಿದ್ದವರಿಗೆ ಏನು ಬೇಕಿತ್ತು? ಆಸ್ಕರನ್ನು ಒದ್ದೆ ಟವೆಲಿನಲ್ಲಿ ಎತ್ತಿ ಬಕೆಟ್ಟಿಗೆ ಬಿಟ್ಟೆ.

“ಬಿಡಮ್ಮ, ಸತ್ರೆ ಒಳ್ಳೇದೇ ಆತು. ಹೊಸ ಮನೆ ಕಂಟಕನೆಲ್ಲ ಅದು ಹೊತ್ಕಂಡು ಹೋಗ್ತತೆ,” ಎಂದರು ಅವರು, ಸಮಾಧಾನ ಹೇಳುವ ದನಿಯಲ್ಲೇ.

“ಹೊತ್ಕಂಡು ಹೋಗಾಕೆ ಯಾವಾಗಲೂ ನನ್ನ ಮೀನೇ ಯಾಕ್ರೀ ಬೇಕು, ಅಣ್ಣಾರೆ?” ಎಂದೆ. ಅತ್ತೆ ನನ್ನ ಹೆಸರು ಹಿಡಿದು ಗದರಿಸಿದರು. ನೆಂಟರ ಮುಂದೆ ನಾಲಿಗೆ ಉದ್ದ ಮಾಡಿದೆನಂತೆ. ಅರ್ಧ ಸತ್ತ ಮೀನನ್ನು ನೋಡಿ ಕೇಕೆ ಹಾಕುವುದು ಮರ್ಯಾದೆ, ಯಾಕೆ ಎಂದು ಕೇಳುವುದು ಉದ್ಧಟತನ!

ಮರುದಿನ ಪೇಂಟಿನ ಹಳೆಯ ಬಕೆಟ್ಟಿನ ಮುಚ್ಚಳಕ್ಕೆ ತೂತು ಕೊರೆದು, ಮೀನನ್ನು ಅದರಲ್ಲಿಟ್ಟುಕೊಂಡು ಜಗಳೂರಿಗೆ ಹೊರಟೆ. ಅದು ನನ್ನ ತವರು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದಾಗ ಪಕ್ಕದ ಸೀಟಿನ ಹೆಂಗಸು ಮುಚ್ಚಳದ ತೂತಿನಲ್ಲಿ ಇಣುಕಿ, “ಸಾರಿಗೇನ್ರೀ?” ಎಂದಳು. “ಅಲ್ರೀ, ತವರಿಗೆ ಕರ್ಕಂಡು ಹೊಂಟೀನಿ,” ಎಂದೆ. ಅವಳು ಜರುಗಿ ಕೂತಳು. ದಾರಿಯುದ್ದಕ್ಕೂ ಬಕೆಟ್ಟು ತೊಡೆಯ ಮೇಲಿತ್ತು. ಒಳಗೆ ಆಗಾಗ ಮಿಸುಕಿದಾಗ ಮಾತ್ರ ನನಗೆ ಉಸಿರು ಬರುತ್ತಿತ್ತು.

ತವರಿನಲ್ಲಿ ನನ್ನ ಅಣ್ಣನದು ಹಿಟ್ಟಿನ ಗಿರಣಿ. ಅವ್ವ ಅವನ ಜೊತೆಗೇ ಇದ್ದಾಳೆ. ಗಿರಣಿಯ ಹಿಂದೆ ನೀರು ಹಿಡಿದಿಡುವ ಸಿಮೆಂಟಿನ ತೊಟ್ಟಿಯಿದೆ. ನಾನು ಮುಚ್ಚಳ ತೆಗೆದದ್ದೇ ಅವ್ವ ಬಗ್ಗಿ ನೋಡಿ ಹೌಹಾರಿದಳು.

“ಅಯ್ಯೋ ಶಿವನೇ! ಯಾರವ್ವ ಇದಕ್ಕೆ ಹಿಂಗೆ ಹೊಡೆದಿದ್ದು? ಕಣ್ಣು ಹೆಂಗೆ ಊದೈತೆ ನೋಡು!” ಎಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. “ಇನ್ನು ಆ ಮನೆಗೆ ಇದನ್ನ ಕಳಿಸಬ್ಯಾಡ. ಇಲ್ಲೇ ಇರ್ಲಿ. ಹೊಡಿಯೋರ ಹತ್ರ ಯಾಕಿರಬೇಕು ಅದು? ಏನು ಗತಿಯಿಲ್ಲೇನು?”

ತನ್ನ ಕೈಯಾರೆ ಅದನ್ನು ತೊಟ್ಟಿಗೆ ಬಿಟ್ಟಳು. ಮೀನು ತಳಕ್ಕಿಳಿದು ಸ್ವಲ್ಪ ಹೊತ್ತು ಮಗ್ಗುಲಾಗಿ ಮಲಗಿತು. ಆಮೇಲೆ ನೆಟ್ಟಗಾಗಿ, ಹರಿದ ಬಾಲದಲ್ಲೇ ತೊಟ್ಟಿಯೊಳಗೆ ನಿಧಾನವಾಗಿ ಒಂದು ಸುತ್ತು ಹಾಕಿತು. ಬದುಕುತ್ತದೆ ಅನ್ನಿಸಿತು.

ಮದುವೆಯಾದ ಹೊಸತರಲ್ಲಿ ನಾನೂ ಒಮ್ಮೆ ಹೀಗೇ ಬಂದಿದ್ದೆ. ಕೆನ್ನೆ ಊದಿತ್ತು. ಇದೇ ತೊಟ್ಟಿಯ ಪಕ್ಕದಲ್ಲಿ ಅವ್ವ ನನ್ನ ಮುಖ ತೊಳೆದು, ಮಜ್ಜಿಗೆ ಅನ್ನ ಉಣಿಸಿ, “ಒಂದಿನ ಗಂಡಸಿನ ಕೈ ಮುಂದಾತು ಅಂತ ಮನೆ ಬಿಟ್ಟು ಬರ್ತಾರೇನವ್ವ?” ಎಂದಿದ್ದಳು. ಹೊತ್ತು ಮುಳುಗುವ ಮೊದಲು ಅಣ್ಣ ನನ್ನನ್ನು ಬಸ್ಸಿಗೆ ಕೂರಿಸಿದ್ದ.

“ಅವ್ವಾ, ಅವತ್ತು ನಂಗೂ ಇಲ್ಲೇ ಇರು ಅನ್ನಬೌದಿತ್ತಲ್ಲ,” ಎಂದೆ.

ಅವಳು ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ಅದು ಮೀನು ಕಣವ್ವ,” ಎಂದಳು. “ಅದು ಬಂದು ಇಲ್ಲೇ ಕೂತ್ರೆ ಓಣಿಯಾಗೆ ಯಾರು ಏನಂತಾರೆ?”

ನಾನು ಖಾಲಿ ಬಕೆಟ್ಟು ಬೋರಲು ಹಾಕಿ ಮುಂದಿನ ಬಾಗಿಲಿಗೆ ಹೋದೆ. ಹಿಟ್ಟಿನ ಡಬ್ಬಿ ಹಿಡಿದು ಓಣಿಯ ಜನವೆಲ್ಲ ಸಾಲಾಗಿ ನಿಂತಿದ್ದರು. ಅವರೆಲ್ಲರಿಗೂ ಕಾಣುವ ಹಾಗೆ ಗಿರಣಿಯ ಕಟ್ಟೆಯ ಮೇಲೆ ಕೂತೆ. ಫೋನು ಹೊಡೆದುಕೊಂಡಿತು, ನಮ್ಮ ಮನೆಯವರದು. ಎತ್ತಲಿಲ್ಲ. ನನ್ನನ್ನು ಬಾಲ್ಯದಿಂದ ನೋಡಿದ ಒಬ್ಬ ಅಜ್ಜಿ ಹತ್ತಿರ ಬಂದು, “ಯಾವಾಗ ಬಂದೆವ್ವ? ವಾಪಸ್ ಯಾವಾಗ?” ಎಂದಳು.

“ಗೊತ್ತಿಲ್ಲ ಅಜ್ಜಿ,” ಎಂದೆ, ಒಳಗಿರುವ ಅವ್ವನಿಗೂ ಕೇಳಿಸುವಷ್ಟು ಗಟ್ಟಿಯಾಗಿ.