ಡಾಕ್ಟರು ಬೇಡ ಅನ್ನಲಿಲ್ಲ, ಗಿರಿಜಾ

ಮಧ್ಯಾಹ್ನ ಹನ್ನೆರಡೂವರೆಗೆ, ರಾಣೆಬೆನ್ನೂರಿನ ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲ ಮೇಲೆ, ನಾನು ನಿನಗೆ ಸುಳ್ಳು ಹೇಳಿದೆ ಗಿರಿಜಾ. ಡಾಕ್ಟರು ಫೋನ್ ಮಾಡಿದ್ದರು, ಸ್ಕ್ಯಾನಿಂಗ್ ಬೇಡವಂತೆ ಅಂದೆ. ಯಾವ ಡಾಕ್ಟರೂ ಫೋನ್ ಮಾಡಿರಲಿಲ್ಲ. ನೀನು ನೀರು ಕುಡಿಯಲು ಹೊರಗೆ ಹೋದಾಗ ನಾನೇ ಕೌಂಟರಿಗೆ ಹೋಗಿ ನಿನ್ನ ಚೀಟಿ ವಾಪಸ್ ತೆಗೆದುಕೊಂಡಿದ್ದೆ.

ನಿನ್ನ ಮೊಣಕೈ ಮೇಲೆ, ತಲೆಯಲ್ಲಿ ಸೋರಿಯಾಸಿಸ್ ಇದ್ದದ್ದು ಬ್ಯಾಡಗಿಯ ನಮ್ಮ ಮನೆಯವರಿಗಷ್ಟೇ ಗೊತ್ತಿತ್ತು. ಗುತ್ತಲದವರ ಜೊತೆ ನಿನ್ನ ಮದುವೆಯ ಮಾತಾಗಿತ್ತು; ಅವರಿಗೆ ಯಾರೂ ಹೇಳಿರಲಿಲ್ಲ. ಬೆರಳು ನೋಯುತ್ತವೆ ಅಂದಾಗ ನಿನ್ನ ಅವ್ವ, "ಮೆಣಸಿನಕಾಯಿ ತೊಟ್ಟ ಬಿಡಿಸಿದ ಕೈ ಉರೀದ ಏನ ಮಾಡತಾವ? ಕೊಬ್ಬರಿ ಎಣ್ಣಿ ಹಚ್ಚು" ಅಂದರು. ಚರ್ಮದ ಡಾಕ್ಟರು ಮಾತ್ರ ನಿನ್ನ ಉಗುರು ನೋಡಿದರು — ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದರು. ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ.

"ಎಲುಬು ಸವೆದ ಮ್ಯಾಲೆ ಎಕ್ಸ್-ರೇದಾಗ ಕಾಣತೈತ್ರಿ. ಈ ಚರ್ಮದ ಬ್ಯಾನಿ ಇದ್ದ ಕೆಲವರಿಗೆ ಸಂಧಿವಾತ ಬರತೈತಿ. ಕೀಲಿನ ಒಳಗಿನ ಬಾವು ಸ್ಕ್ಯಾನಿಂಗ್‌ದಾಗ ಮೊದಲ ಸಿಗತೈತಿ. ಲಗೂ ಮಾಡಸ್ರಿ" ಎಂದು ನನಗೇ ಹೇಳಿದರು. ಮನೆಯಲ್ಲಿ ಬಿ.ಎಸ್ಸಿ. ಓದಿದವಳು ನಿನ್ನ ಅತ್ತಿಗೆ ನಾನೊಬ್ಬಳೇ. ಅರ್ಥವಾಗಲಿಲ್ಲ ಅನ್ನುವ ಹಾಗೂ ಇಲ್ಲ — ಪೂರ್ತಿ ಅರ್ಥವಾಗಿತ್ತು.

ಆದರೆ ಆ ಕಾಯುವ ಕೋಣೆ… ಕೂತವರೆಲ್ಲ ಬಸುರಿಯರು. ನಮ್ಮ ಕಡೆ ಸ್ಕ್ಯಾನಿಂಗ್ ಅಂದರೆ ಹೊಟ್ಟೆಯದು. ಮದುವೆ ಗೊತ್ತಾದ ಹುಡುಗಿ ಅಲ್ಲಿ ಬೆರಳು ತೋರಿಸಲು ಬಂದಿದ್ದಾಳೆ ಅಂದರೆ ಯಾರು ನಂಬುತ್ತಾರೆ? ನೀನು ಹೊರಗೆ ಹೋದದ್ದೇ ತಡ, ಮಗಳನ್ನು ಕರೆತಂದಿದ್ದ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತಳು. ನಿನ್ನ ಗಂಡನಾಗುವವನ ಸೋದರತ್ತೆ.

"ಏನವಾ ಬ್ಯಾಡಗಿ ಸೊಸಿ, ಪೇಡೆ ಯಾವಾಗ ಹಂಚತಿ?" ಎಂದು ನಕ್ಕಳು. ಆಮೇಲೆ ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಈಗ ಹೊರಗ ಹೋದಾಕಿ ನಮ್ಮ ಗಿರಿಜಾ ಅಲ್ಲೇನು? ಯಾರಿಗೆ ಸ್ಕ್ಯಾನಿಂಗು?"

'ನನಗೇ ಸ್ಕ್ಯಾನಿಂಗು' ಅನ್ನಬಹುದಿತ್ತು. ಮದುವೆಯಾಗಿ ಐದು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ನಾಲ್ಕು ತಿಂಗಳು ಬಿಟ್ಟು ಇದೇ ಬಾಯಿ 'ಕೂಸು ಎಲ್ಲಿ' ಎಂದು ಕೇಳುತ್ತದೆ — ಅದು ನನಗೆ ಬೇಡವಾಗಿತ್ತು. ನಿಜ ಹೇಳಿದರೆ ಮದುವೆ ಮುರಿಯುತ್ತದೆ ಅಂದುಕೊಂಡೆ. "ಪರಿಚಯದವರನ್ನ ನೋಡಾಕ ಬಂದಿದ್ವಿರಿ" ಅಂದೆ. ಎದ್ದೆ. ಚೀಟಿ ತೆಗೆದುಕೊಂಡೆ. ಮೆಟ್ಟಿಲ ಮೇಲೆ ನೀನು ಎದುರಾದೆ, ಹೇಳಿದೆ. ನಿನ್ನ ಮುಖ ಅರಳಿತು. "ಹಂಗಾರ ಏನಿಲ್ಲಂತ ಆತು!"

ಮರುವಾರ ಬೇರೆ ಊರಿಗೆ ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಹೋದರೆ 'ಬೇಡ ಅಂದಿದ್ದರಲ್ಲ' ಎಂದು ನೀನು ಕೇಳುತ್ತಿದ್ದೆ.

ಮದುವೆಯಾಯಿತು. ಎರಡನೇ ಚಳಿಗಾಲದ ಹೊತ್ತಿಗೆ ಬೆಳಗ್ಗೆ ನಿನ್ನ ಮುಷ್ಟಿ ಮುಚ್ಚುತ್ತಿರಲಿಲ್ಲ, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ನಿನ್ನನ್ನು ನೋಡಲು ಗುತ್ತಲಕ್ಕೆ ಬಂದ ದಿನ ನಿನ್ನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ನಿನ್ನ ಮೊಣಕೈ ಅವರು ಯಾವಾಗಲೋ ನೋಡಿದ್ದರು. "ನಮ್ಮ ಮಾವಗೂ ಇದ ಇತ್ತು ತಂಗಿ. ಮೈಯೆಲ್ಲಾ. ಮುಚ್ಚಿಡೂದು ಏನಿತ್ತು? ಹೇಳಿದ್ರ ಇಕಿನ್ನ ಬ್ಯಾಡ ಅಂತಿದ್ವೇನು?" ಅಂದರು. 

ಮರುದಿನವೇ ನಿನ್ನನ್ನು ಹಾವೇರಿಗೆ ಕರೆದುಕೊಂಡು ಹೋದೆ. ಕಪ್ಪು ಪರದೆಯ ಮೇಲೆ ನಿನ್ನ ಬೆರಳಿನ ಕೀಲು. ಅದರ ಸುತ್ತ ಕೆಂಪು ಚುಕ್ಕೆಗಳು ಹೊತ್ತಿ ಆರುತ್ತಿದ್ದವು. ಬಾವು ಇರುವಲ್ಲಿ ರಕ್ತ ಹೀಗೆ ನುಗ್ಗುತ್ತದೆ ಎಂದರು ಅಲ್ಲಿನ ಡಾಕ್ಟರು. ಔಷಧಿಯಿಂದ ಇದನ್ನು ತಡೆಯಬಹುದು, ಆದರೆ ಬಲಗೈಯ ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲ. "ಮೊದಲ ಯಾಕ ಮಾಡಸಲಿಲ್ಲ?"

"ಮಾಡಸಾಕ ಹೋಗಿದ್ವಿರಿ. ಆಗ ಡಾಕ್ಟರ ಬ್ಯಾಡ ಅಂದಿದ್ರು. ಹೌದಲ್ಲರಿ ವೈನಿ?" ಅಂದೆ ನೀನು.

ನಾನು ಪರದೆ ನೋಡುತ್ತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಅದೇ — ಕೆಂಪು ಹೊತ್ತುತ್ತದೆ, ಆರುತ್ತದೆ. ಆವತ್ತು ನೋಡಿದ್ದರೆ ಎಷ್ಟು ಚುಕ್ಕೆ ಇರುತ್ತಿದ್ದವೋ. ಒಂದೋ ಎರಡೋ…

ಆಮೇಲೆ ವಾರಕ್ಕೊಮ್ಮೆ ನುಂಗುವ ಗುಳಿಗೆ, ಪದೇ ಪದೇ ರಕ್ತ ಪರೀಕ್ಷೆ. ನೋವಿಗೆ ನೀನು ರಾತ್ರಿಯಿಡೀ ಗೋಡೆಗೆ ಒರಗಿ ಕೂತಿರುತ್ತೀ ಎಂದು ನಿನ್ನ ಯಜಮಾನರು ಹೇಳುತ್ತಿದ್ದರು. ನನಗೂ ನಿದ್ದೆ ಇರಲಿಲ್ಲ; ಅದನ್ನು ನಿನ್ನ ನೋವಿನ ಪಕ್ಕ ಇಡುವ ಯೋಗ್ಯತೆ ನನಗಿಲ್ಲ. ಆ ಬೆರಳುಗಳು ಮಡಚಿಯೇ ಇರುತ್ತವೆ. ಮಡಚಿದ್ದು ನಾನು. ಇದನ್ನು ಓದಿದ ಮೇಲೆ ನೀನು ನನ್ನ ಮನೆಗೆ ಬರದಿದ್ದರೂ ಸರಿ, ನಿನಗೆ ಗೊತ್ತಿರಲಿ.

ಹೇಳಬೇಕಿದ್ದದ್ದು ಕಾರ ಹುಣ್ಣಿಮೆಯ ಮರುದಿನ. ಬೆಳಗ್ಗೆ ನಿನ್ನ ಫೋನ್ ಬಂತು.

"ವೈನಿ, ರಾತ್ರಿ ಮಲಗಿದಾಕಿ ಬಿಸಲ ಬಂದ ಮ್ಯಾಲೇನ ಎದ್ದೆರಿ! ನಮ್ಮತ್ತಿ ಮೂಗಿನ ಮುಂದ ಬೆರಳ ಹಿಡದ ನೋಡಿದ್ರಂತ, ಉಸರ ಐತೋ ಇಲ್ಲೋ ಅಂತ. ನೀವು ಹಟಾ ಹಿಡದ ಹಾವೇರಿಗೆ ಕರಕೊಂಡ ಹೋಗಿದ್ದಕ್ಕ ಇಷ್ಟಾತು. ಎಲ್ಲಾ ನಿಮ್ಮಿಂದರಿ."

ನೀನು ನಗುತ್ತಿದ್ದೆ. ನಾನು ಹೂಂ ಅಂದೆ.