ಕಡಲಹೂವಿಗೆ ಸುರಿದ ನೀರು

ಗೆಳೆಯರೇ, ಕಾರವಾರದ ಬಂಡೆಯಿಂದ ನಾನು ಬಿಡಿಸಿ ತಂದದ್ದು ಹೂವಲ್ಲ, ಸೀ ಅನಿಮೋನ್ ಎಂಬ ಪ್ರಾಣಿ ಎಂದು ಫೋಟೋ ನೋಡಿ ಗುರುತಿಸಿದವರು ನೀವೇ. ಇಂದು ಬೆಳಿಗ್ಗೆ ಅದು ಸತ್ತುಹೋಯಿತು.

ಅಕ್ವೇರಿಯಂ ನೋಡಲು ಬಂದ ಪಕ್ಕದ ಮನೆಯ ಶಾಂತವ್ವ, ಗಾಜಿನಂಚಿಗೆ ಕಟ್ಟಿದ ಬಿಳಿ ಪುಡಿಯನ್ನು ಬೆರಳಿನಿಂದ ಕೆರೆದರು. "ಇದೇನ್ರಿ ಅಕ್ಕಾರ, ಮನ್ಯಾಗ ಉಪ್ಪು ಬೆಳದೀರಿ! ನೀರು ಆರಿದಾಗ ಏನು ಹಾಕತಿದ್ರಿ?"

"ಸಮುದ್ರದ ನೀರಽ ರೀ. ಕ್ಯಾನಿನ್ಯಾಗ ತರಸ್ತಿದ್ದೆ."

"ಅಯ್ಯ! ಸಾರು ಕುದ್ದು ಇಂಗಿದ್ರ ಮತ್ತ ಸಾರು ಹಾಕ್ತಾರೇನ್ರಿ? ಬರೇ ನೀರು ಹಾಕ್ತಾರ. ನೀರು ಆರತೈತಿ, ಉಪ್ಪು ಎಲ್ಲಿ ಹೋಗತೈತಿ?"

ಪ್ರತಿ ಕ್ಯಾನಿನೊಂದಿಗೆ ತೊಟ್ಟಿಯಲ್ಲಿ ಉಪ್ಪು ಏರುತ್ತಲೇ ಹೋಗಿತ್ತು. ತಿಂಗಳಿಡೀ ಸಮುದ್ರವನ್ನು ಘಟ್ಟ ಹತ್ತಿಸಿ ದಾಂಡೇಲಿಗೆ ತರಿಸಿದೆ. ಆ ಜೀವಕ್ಕೆ ಬೇಕಾಗಿದ್ದದ್ದು ದಿನಕ್ಕೊಂದು ಚೊಂಬು ಸಿಹಿನೀರು. ನಮ್ಮ ಹಿತ್ತಲ ಬಾವಿ ತುಂಬಿದೆ.