ನುಗ್ಗಿಗಿಡದ ಕಂಬಳಿಹುಳ, ಟೇಲರ್ ಕಾಕಾನ ಫೋಟೋ

ಮೊನ್ನೆ ನಮ್ಮ ಓಣ್ಯಾಗ ಯಾರೋ ನುಗ್ಗಿಗಿಡದ ಕಂಬಳಿಹುಳಾನ ಚಿಮಣಿ ಎಣ್ಣಿ ಅರಿವಿ ಹಚ್ಚಿ ಸುಟ್ರು. ಕೂದಲಾ ಸುಟ್ಟ ಆ ವಾಸನಿ ಅಡಗಿಮನಿ ಕಿಡಕ್ಯಾಗಿಂದ ಒಳಗ ಬಂತು ನೋಡ್ರಿ, ಕಿಡಕಿ ಮುಚ್ಚಾಕ ಓಡಿದ್ನಿ. ಹಂಚಿನ ಮ್ಯಾಲಿನ ರೊಟ್ಟಿ ಅಲ್ಲೇ ಕರಕಾತು. ಹತ್ತು ವರ್ಷ ಆತು, ಆ ಹೆದರಿಕಿ ಮಾತ್ರ ಇನ್ನೂ ಬಿಟ್ಟಿಲ್ಲ...

ನಮ್ಮ ಮನಿ ಗೋಕುಲ ರಸ್ತೆದ ಒಳಗಿನ ಓಣ್ಯಾಗ. ಬಾಜೂ ಮನ್ಯಾಗ ಟೇಲರ್ ಕಾಕಾ ಇದ್ರು. ಕಮರಿಪೇಟ್ಯಾಗ ಅವರ ಅಂಗಡಿ, ಬರೇ ಹೆಣ್ಮಕ್ಕಳ ಬ್ಲೌಸ್ ಹೊಲೀತಿದ್ರು. ಹೊತ್ತು ಮುಳುಗಿದ ಕೂಡಲೆ ಹಿತ್ತಲದಾಗ ಬಿಳೆ ಅಸ್ತರ ಬಟ್ಟಿ ಇಳಿಬಿಟ್ಟು ಅದರ ಮುಂದ ಒಂದು ಬಲ್ಬ್ ಹಚ್ಚಿಡ್ತಿದ್ರು. ಮುಂಜಾನಿ, ಹಕ್ಕಿ ಬಂದು ತಿನ್ನೂದ್ರೊಳಗ, ಬಟ್ಟಿ ಮ್ಯಾಲ ಕುಂತ ಪತಂಗದ್ದು ಒಂದೊಂದರದ್ದೂ ಮೊಬೈಲ್‌ನ್ಯಾಗ ಫೋಟೋ ತಗೀತಿದ್ರು. ಪ್ರತಿಯೊಂದರ ಬಾಜೂಕ ಹಳೇ ಇಂಚ್ ಟೇಪಿನ ತುಂಡು ಇಡೋದು. ಅಳತಿ ಇಲ್ದ ಅವರ ಕೈ ಓಡ್ತಿದ್ದಿಲ್ಲ.

ಆ ಫೋಟೋ ಎಲ್ಲಾ ಪತಂಗದ ಹುಚ್ಚಿನ ಮಂದಿ ಇದ್ದ ಮೊಬೈಲ್ ಗುಂಪಿಗೆ ಹೋಗ್ತಿದ್ವು. ಅಲ್ಲಿಂದ ನಾಲಿಗಿ ಹೊರಳದಂಥ ಹೆಸರು ಬರ್ತಿದ್ವು. ಕಾಕಾ ಅವನ್ನ ಅಳತಿ ಪುಸ್ತಕದಾಗ ಬರಕೊಂಡು, ಬಾಜೂಕ ತಮ್ಮದೊಂದು ಬಟ್ಟಿ ಹೆಸರು ಹಚ್ತಿದ್ರು. ಒಂದಕ್ಕ ಖಣ, ಇನ್ನೊಂದಕ್ಕ ಚೌಕಡಿ, ಮತ್ತೊಂದಕ್ಕ ಇಳಕಲ್ ದಡಿ. ಎಡ ರೆಕ್ಕಿ ಗೆರಿ ಬಲ ರೆಕ್ಕಿಗೆ ಕೂಡತಾವಿಲ್ಲೋ ಅಂತ ಬ್ಲೌಸಿನ ತೋಳು ನೋಡಿದಂಗ ನೋಡೋರು. “ಮಾಪ ಒಂದು ನೂಲೂ ತಪ್ಪಿಲ್ಲ ನೋಡ ಯವ್ವಾ, ಇದನ್ನ ಹೊಲದಾಂವ ನನಗಿಂತ ಛಲೋ ಟೇಲರ್” ಅಂತಿದ್ರು.

ನನಗ ಪತಂಗ ಅಂದ್ರ ಸಣ್ಣಾಕಿದ್ದಾಗಿಂದ ಹೆದರಿಕಿ. ರೆಕ್ಕಿ ಪುಡಿ ಬಿದ್ರ ಕಣ್ಣು ಹೋಗ್ತಾವ ಅಂತ ನಮ್ಮವ್ವ ಹೇಳಿ ಬೆಳಸಿದ್ಲು. ಐದು ವರ್ಷದ ನನ್ನ ಮಗಳು ಕಾಕಾನ ಬಟ್ಟಿ ಮುಂದ ಹೋಗಿ ನಿಂತ್ರ ಇಡೀ ಓಣಿಗೆ ಕೇಳೂ ಹಂಗ ಒದರಿ ಕರೀತಿದ್ನಿ.

ಒಂದು ಮಳಿಗಾಲ ಕಾಕಾ ನಮ್ಮಿಬ್ಬರ ಹಿತ್ತಲದ ನಡುವಿನ ಗ್ವಾಡಿ ಮ್ಯಾಲಿಂದ ಮೊಬೈಲ್ ತೋರಿಸಿದ್ರು. ಗೋದಿ ಬಣ್ಣದ ದೊಡ್ಡ ಪತಂಗ, ಮೈತುಂಬ ಉಣ್ಣಿ ಅರಿವಿಯಂಥ ಕೂದಲಾ. ಅದಕ್ಕ ‘ಶಾಲು’ ಅಂತ ಹೆಸರಿಟ್ಟಿದ್ರು. “ಇದು ನುಗ್ಗಿಗಿಡಕ್ಕ ತತ್ತಿ ಇಡ್ತೈತಂತ. ಕಂಬಳಿಹುಳ ಎದ್ರ ಬಡೀಬ್ಯಾಡ ಯವ್ವಾ, ಕೂದಲಾ ಹಾರ್ತಾವ. ತೊಯ್ದ ಗೋಣಿಚೀಲ ಹಚ್ಚಿ ಮೆತ್ತಗ ತಗಿ” ಅಂದ್ರು. ನಾ ಒಳಗ ಬಂದು ನಮ್ಮತ್ತಿ ಮುಂದ ನಕ್ನಿ, ಬ್ಲೌಸ್ ಹೊಲಿಯೋರು ಹುಳದ ಬುದ್ಧಿ ಹೇಳಾಕ ಬಂದಾರ ಅಂತ.

ಸ್ವಲ್ಪ ದಿನದಾಗ, ಗ್ವಾಡಿ ಬಾಜೂಕಿದ್ದ ನಮ್ಮ ನುಗ್ಗಿಗಿಡದ ಬೊಡ್ಡಿ ತುಂಬ ಕಂಬಳಿಹುಳ. ಒಂದರ ಮ್ಯಾಲೊಂದು, ತೊಗಟಿನೇ ಅಳ್ಳಾಡಿದಂಗ. ಕಡ್ಡಿ ಕಸಬರಗಿ ತಗೊಂಡು ಹುಚ್ಚು ಹಿಡದಾಕಿ ಹಂಗ ಬಡದ್ನಿ. “ಬ್ಯಾಡ ಯವ್ವಾ, ಕೂಸು ಕೆಳಗೈತಿ!” ಅಂತ ಕಾಕಾ ಆ ಕಡೆಯಿಂದ ಒದರಿದ್ರು. ಹೊಳ್ಳಿ ನೋಡಿದ್ರ ಮಗಳು ನನ್ನ ಹಿಂದನ ಮ್ಯಾಲ ನೋಡಕೋತ ನಿಂತಿದ್ಲು.

ಸಂಜಿಕ ಆಕಿ ಎಡಗಣ್ಣು ಕೆಂಪಗಾತು. ಮರುದಿನ ರೆಪ್ಪಿ ಬಾತು ಮುಚ್ಚಿಬಿಡ್ತು. ಅವ್ವಾ ಮುಳ್ಳು, ಅವ್ವಾ ಮುಳ್ಳು ಅಂತ ಒಂದೇ ಸವನ ಅಳೋದು. ಕಣ್ಣಿನ ಡಾಕ್ಟರ್ ಏನು ಬಿತ್ತು ಅಂತ ಕೇಳಿದ್ರು. ನನ್ನ ಬಾಜೂಕ ನಮ್ಮವರು, ನಮ್ಮತ್ತಿ ನಿಂತಿದ್ರು. ಖರೇ ಹೇಳ್ತೇನಿ, ನನಗ ಗೊತ್ತಿತ್ತು. ಹೆತ್ತ ತಾಯೀನೇ ಮಗಳ ಕಣ್ಣು ಕಳದ್ಲು ಅಂದಾರು ಅಂತ ಹೆದರಿದ್ನಿ. “ಬಾಜೂ ಮನಿಯವರ ಪತಂಗದ ಪುಡಿ ಬಿದ್ದೈತ್ರಿ” ಅಂದ್ನಿ. ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ, ಹಂಗ. ಡಾಕ್ಟರ್ ಕಣ್ಣು ತೊಳದು ಡ್ರಾಪ್ಸ್ ಬರಕೊಟ್ರು.

ಡ್ರಾಪ್ಸ್ ಹಾಕಿದ್ರೂ ಬ್ಯಾನಿ ಇಳೀಲಿಲ್ಲ. ನಮ್ಮವರು ಸಿಟ್ಟಿಲೆ ಕಾಕಾನ ಮನಿಗೆ ಹೋಗಿ ಬಾಯಿಗೆ ಬಂದಂಗ ಬೈದು ಬಂದ್ರು. ನಾ ಒಳಗ ಕುಂತು ಎಲ್ಲಾ ಕೇಳಿಸಿಕೊಂಡ್ನಿ, ತಡೀಲಿಲ್ಲ. ಮರುದಿನ ಮತ್ತ ದವಾಖಾನಿಗೆ ಹೋದ್ರ, ಗುಡ್ಡಿ ಮ್ಯಾಲ ಬಿಳುಪು ಬರಾಕತ್ತೈತಿ, ಹಿಂಗ ಆದ್ರ ಕಣ್ಣು ಕಾಣೂದು ಕಠಿಣ ಅಂದ್ರು ಡಾಕ್ಟರ್. ಆವಾಗಾದ್ರೂ ಹೇಳಬೇಕಿತ್ತಿಲ್ಲ? ಸೆರಗಿಲೆ ಮಗಳ ಕಣ್ಣೀರು ಒರಸಕೋತ ಕುಂತ್ನಿ. ಎಂಥಾ ತಾಯಿ ನಾನು!

ಅಷ್ಟರಾಗ ಬಾಗಲದಾಗ ಟೇಲರ್ ಕಾಕಾ ನಿಂತಿದ್ರು. ನಾವು ಹೊಂಟದ್ದು ನೋಡಿ ಹಿಂದನ ಸೈಕಲ್ ಹೊಡಕೊಂಡು ಬಂದು ಏದುಸಿರು ಬಿಡಾಕತ್ತಿದ್ರು. ಯಾರನ್ನೂ ಮಾತಾಡಸದ ಸೀದಾ ಡಾಕ್ಟರ್ ಮುಂದ ಮೊಬೈಲ್ ಹಿಡದ್ರು. ನುಗ್ಗಿ ಬೊಡ್ಡಿ ಮ್ಯಾಲಿನ ಕಂಬಳಿಹುಳ, ಬಾಜೂಕ ಇಂಚ್ ಟೇಪು. ನಾ ಕಸಬರಗಿ ಹಿಡಿಯೋದ್ಕಿಂತ ಮೊದಲ ಗ್ವಾಡಿ ಮ್ಯಾಲಿಂದ ಕೈ ಚಾಚಿ ತಗದ ಫೋಟೋ ಅದು.

“ಸಾಹೇಬ್ರ, ಇವು ನನ್ನ ದೀಪಕ್ಕ ಬರೋ ಪತಂಗದ ಮರಿ. ಇವುಗಳ ಕೂದಲಾ ಕಣ್ಣಾಗ ನಾಟಿ ಕುಂಡ್ರತಾವಂತ್ರಿ. ಒಂದ್ಸಲ ರೆಪ್ಪಿ ಮಗಚಿ ನೋಡ್ರಿ.”

ನನ್ನ ದೀಪಕ್ಕ ಅಂದ್ರು. ಗಿಡಾ ಯಾರದ್ದು, ಬಡದಾಕಿ ಯಾರು, ಅದನ್ನ ತುಟಿ ಪಿಟಕ್ಕನ್ನಲಿಲ್ಲ. ನನ್ನ ಕಡೆ ತಿರುಗಿ ಸುದ್ದಾ ನೋಡ್ಲಿಲ್ಲ. ಡಾಕ್ಟರ್ ಮಶಿನ್ ಮುಂದ ಕುಂಡ್ರಿಸಿ ರೆಪ್ಪಿ ಮಗಚಿದ್ರು. ಒಳಗ ಸಣ್ಣ ಸಣ್ಣ ಕೂದಲಾ ನಾಟಿದ್ವು. ಒಂದೊಂದೇ ಹಿಡದು ತಗದ್ರು. ಕಣ್ಣು ಉಳೀತು. ಗುಡ್ಡಿ ಅಂಚಿಗೆ ಸಾಸವಿ ಕಾಳಿನಷ್ಟು ಬಿಳೆ ಕಲಿ ಮಾತ್ರ ಉಳಕೊಂತು.

ದೀಪಾ ಹಚ್ಚಿ ಹುಳಾ ಕರದದ್ದಕ್ಕ ಹಿಂಗಾತು ಅಂತ ಓಣಿ ಮಂದಿ ಕಾಕಾಗ ಅಂದ್ರು. ನಾ ಸುಮ್ಮನಿದ್ನಿ. ಅವತ್ತಿನಿಂದ ಕಾಕಾ ಬಲ್ಬ್ ಹಚ್ಚಲಿಲ್ಲ. ಒಮ್ಮೆ ಗ್ವಾಡಿ ಹತ್ರ ನಿಂತು “ಕಾಕಾ, ಅವತ್ತ ನಾನ...” ಅಂತ ಶುರು ಮಾಡಿದ್ನಿ.

“ಇರ್ಲಿ ಬಿಡ ಯವ್ವಾ. ಕೂಸಿನ ಕಣ್ಣು ಉಳೀತಲ್ಲ, ಮುಗೀತು” ಅಂದು ಒಳಗ ಹೋದ್ರು. ನನಗೂ ಅಷ್ಟೇ ಬೇಕಾಗಿತ್ತು.

ಹೋದ ವರ್ಷ ಕಾಕಾ ತೀರಿಕೊಂಡ್ರು. ಕಡೀ ಸಲ ಮಾರಿ ನೋಡಿ ಬರೂಣು ಬಾ ಅಂತ ಮಗಳಿಗೆ ಕರದ್ನಿ. ಒಂಬತ್ತನೇತ್ತಾ ಓದೋ ಹುಡುಗಿ, ಕನ್ನಡಿ ಮುಂದ ತಲಿ ಬಾಚಾಕತ್ತಿದ್ಲು. “ನನ್ನ ಕಣ್ಣಿಗೆ ಕಲಿ ಮಾಡಿದವರ ಮಾರಿ ನಾ ಯಾಕ ನೋಡ್ಲಿ?” ಅಂದ್ಲು. ಆವಾಗೂ ನಾ ಹೇಳ್ಲಿಲ್ಲ. ಒಬ್ಬಾಕೀನೇ ಹೋಗಿ ಕಾಕಾನ ಕಾಲು ಮುಟ್ಟಿ ಬಂದ್ನಿ. ಈಗ ಮುಟ್ಟಿದ್ರ ಅವರಿಗೇನು ತಿಳೀಬೇಕು...

ಬಾಯಿಲೆ ಹೇಳೂದು ನನ್ನ ಕೈಲೆ ಆಗಂಗಿಲ್ಲ, ಅದಕ್ಕೇ ಬರದೇನಿ. ತಪ್ಪಾತು ಅನ್ನಾಕ ಕಾಕಾ ಇಲ್ಲ. ಮಗಳು ಟ್ಯೂಷನ್ ಮುಗಿಸಿ ಬರೋ ಹೊತ್ತಾತು. ಬಂದ ಕೂಡಲೆ ಈ ಹಾಳಿ ಆಕಿ ಕೈಯಾಗ ಕೊಡ್ತೇನಿ. ಓದಿ ಮುಗಿಸಿ, ಕಾಕಾ ಉಳಿಸಿಕೊಟ್ಟ ಆ ಕಣ್ಣು ಎತ್ತಿ ನನ್ನ ನೋಡ್ತಾಳಲ್ಲ... ಯವ್ವಾ, ಅದಕ್ಕ ನನಗ ಭಾಳ ಹೆದರಿಕಿ ಆಗಾಕತ್ತೈತಿ.